ಕ್ಲಿಕ್ ಮಾಡುವ ಮುಂಚೆ ಎರಡು ಹೆಜ್ಜೆ ಸರಿಯಿರಿ

ನಮ್ಮ ಮನೆಯ ಆಲ್ಬಮ್ಮಿನಲ್ಲಿ ಬೇಲೂರು ಗುಡಿಯ ಒಂದು ಫೋಟೊ ಇದೆ. ದೊಡ್ಡಮ್ಮ ಹೊಸ ಸೀರೆ ಉಟ್ಟು ಅಂಗಳದಲ್ಲಿ ನಿಂತಿದ್ದಾರೆ. ಅವರ ನಡುನೆತ್ತಿಯಿಂದ ದೀಪಸ್ತಂಭ ನೆಟ್ಟಗೆ ಆಕಾಶಕ್ಕೆ ಎದ್ದಿದೆ. ತೆಗೆದವನು ನಾನೇ. ಎಷ್ಟೋ ವರ್ಷವಾಯಿತು, ಮನೆಯ ಮಕ್ಕಳು ಈಗಲೂ ಅವರನ್ನು ‘ಕಂಬದ ದೊಡ್ಡಮ್ಮ’ ಅಂತಲೇ ಕರೆಯುತ್ತಾರೆ.

ಅವತ್ತು ನಾನು ಎರಡು ಹೆಜ್ಜೆ ಎಡಕ್ಕೆ ಸರಿದಿದ್ದರೆ ಸಾಕಿತ್ತು. ಎದುರಿಗೆ ನಿಂತಾಗ ಕಂಬ ದೂರದಲ್ಲಿದೆ ಎಂದು ನಮಗೆ ಗೊತ್ತಾಗುತ್ತದೆ. ಎರಡು ಕಣ್ಣಿರುವುದರಿಂದ ಆ ಅನುಕೂಲ. ಫೋಟೊಗೆ ಆ ಭಾಗ್ಯವಿಲ್ಲ. ಮುಂದಿನದು, ಹಿಂದಿನದು ಎಲ್ಲವನ್ನೂ ಅದು ಒಂದೇ ಹಾಳೆಗೆ ಅಂಟಿಸಿಬಿಡುತ್ತದೆ. ಮೊಬೈಲಿನ ಬೆನ್ನಿಗೆ ಮೂರು ಲೆನ್ಸ್ ಇದ್ದರೂ ಫೋಟೊ ಕೊನೆಗೆ ಚಪ್ಪಟೆಯೇ.

ಚಿತ್ರ ಬರೆಯುವವರು ಖಾಲಿ ಹಾಳೆ ಇಟ್ಟುಕೊಂಡು ಬೇಕಾದ್ದನ್ನು ಒಂದೊಂದಾಗಿ ಸೇರಿಸುತ್ತಾರೆ. ಫೋಟೊದವರದು ಉಲ್ಟಾ ಕೆಲಸ. ನಮ್ಮ ಹಾಳೆ ಮೊದಲೇ ತುಂಬಿ ತುಳುಕುತ್ತಿರುತ್ತದೆ: ಕರೆಂಟ್ ತಂತಿ, ನೀರಿನ ಬಾಟಲಿ, ಯಾರದೋ ಮೊಣಕೈ. ಬೇಡದ್ದನ್ನು ಹೊರಗೆ ಹಾಕುತ್ತಾ ಹೋಗಬೇಕು. ಕಲ್ಲು ಕೆತ್ತುವವರ ಕೆಲಸವೂ ಹೀಗೇ ಅಲ್ವಾ? ಹಾಗಾಗಿ ಹಾಸನ, ಚಿಕ್ಕಮಗಳೂರು ಕಡೆಯ ನಮಗೆ ಪಾಠ ಹೇಳಲು ಗೋಡೆಗೋಡೆಯಲ್ಲೂ ಮೇಷ್ಟ್ರಿದ್ದಾರೆ.

ಮೊದಲು ಮೊಬೈಲ್ ಸಿದ್ಧವಾಗಲಿ

ಲೆನ್ಸನ್ನು ಮೆತ್ತಗಿನ ಹತ್ತಿಬಟ್ಟೆಯಿಂದ ಒರೆಸಿ. ಜೇಬಿನ ಜಿಡ್ಡು ಅಂಟಿದ ಲೆನ್ಸಿನಲ್ಲಿ ದೀಪಗಳೆಲ್ಲ ಮಂಜುಮಂಜಾಗಿ ಕಾಣುತ್ತವೆ. ಆಮೇಲೆ ಕ್ಯಾಮೆರಾ ಸೆಟ್ಟಿಂಗ್ಸ್‌ಗೆ ಹೋಗಿ ‘ಗ್ರಿಡ್’ ಆನ್ ಮಾಡಿ. ಪರದೆಯ ಮೇಲೆ ಅಡ್ಡ ಎರಡು, ಉದ್ದ ಎರಡು ಗೆರೆ ಬರುತ್ತವೆ. ಇಷ್ಟೇ ತಯಾರಿ. ದುಬಾರಿ ಕ್ಯಾಮೆರಾ ಬೇಕು ಅನ್ನುವವರ ಮಾತು ಸದ್ಯಕ್ಕೆ ಕೇಳಬೇಡಿ.

ಏನು ತೋರಿಸುತ್ತಿದ್ದೀರಿ, ಬಾಯಿಬಿಟ್ಟು ಹೇಳಿ

ಮನಸ್ಸಿನಲ್ಲೇ ಹೇಳಿಕೊಂಡರೂ ಆದೀತು. ‘ಬೇಲೂರು ತೋರಿಸುತ್ತಿದ್ದೇನೆ’ ಅಂದರೆ ಉತ್ತರವಾಗಲಿಲ್ಲ. ಅಷ್ಟು ದೊಡ್ಡ ಗುಡಿ ಅಂಗೈಯಗಲದ ಪರದೆಯಲ್ಲಿ ಬೂದು ಬಣ್ಣದ ಗುಡ್ಡೆಯಾಗುತ್ತದೆ. ‘ಮದನಿಕೆ ಕನ್ನಡಿ ಹಿಡಿದ ಕೈ’ ಎಂದರೆ ಅದು ಉತ್ತರ. ಇಲ್ಲಿ ಹೆಸರು ಹೇಳಿಬಿಟ್ಟರೆ ಉಳಿದ ಕೆಲಸ ಅರ್ಧ ಹಗುರ. ಆ ಕೈಗೆ ಸಹಾಯ ಮಾಡದ್ದೆಲ್ಲ ಚೌಕಟ್ಟಿನ ಹೊರಗೆ ಹೋಗಬಹುದು.

ಕಾಲು ಆಡಿಸಿ, ಅಂಚಿಗೆ ಪ್ರದಕ್ಷಿಣೆ ಹಾಕಿ

ಎರಡು ಬೆರಳಿನಿಂದ ಪರದೆ ಹಿಗ್ಗಿಸುವ ಬದಲು ನಡೆದು ಹತ್ತಿರ ಹೋಗಿ. ಹಾಗೆ ಜಾಸ್ತಿ ಹಿಗ್ಗಿಸಿದರೆ ಮೊಬೈಲ್ ಚಿತ್ರದ ನಡುವಿನ ತುಂಡನ್ನು ಕತ್ತರಿಸಿ ಉಬ್ಬಿಸುತ್ತದೆ, ಅಷ್ಟೇ. ಹಿಂದೆ ಏನು ಬರಬೇಕು ಎಂಬುದನ್ನು ಮಾತ್ರ ನಿಮ್ಮ ಕಾಲೇ ತೀರ್ಮಾನಿಸುತ್ತದೆ. ಕುಕ್ಕರಗಾಲಲ್ಲಿ ಕೂತರೆ ಮಗುವಿನ ಹಿಂದೆ ಆಕಾಶ ಬರುತ್ತದೆ. ನಿಂತೇ ತೆಗೆದರೆ ಬರೀ ನೆಲ. ಮುಖವೋ ಮೂರ್ತಿಯೋ ಬಿಳುಪಾಗಿದ್ದರೆ ಕಪ್ಪು ಹಿನ್ನೆಲೆ ಹುಡುಕಿ, ಕಪ್ಪಾಗಿದ್ದರೆ ಬಿಳುಪು. ಹೊರಗೆರೆ ಎದ್ದು ಕಾಣುವುದು ಆಗಲೇ.

ಇನ್ನು ಒತ್ತಬೇಕು ಅನ್ನುವಾಗ ಒಂದು ಉಸಿರು ತಡೆಯಿರಿ. ಚಿತ್ರದ ನಡುವಿನಿಂದ ಕಣ್ಣು ತೆಗೆದು ನಾಲ್ಕೂ ಅಂಚಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿಸಿ. ಅರ್ಧ ಚಪ್ಪಲಿ, ಕತ್ತರಿಸಿದ ಪಾದ, ತಲೆ ಮೇಲಿನ ಕಂಬ, ಎಲ್ಲವೂ ಸಿಕ್ಕಿಬೀಳುತ್ತವೆ. ಇಡೀ ಲೇಖನದಲ್ಲಿ ಇದೊಂದನ್ನೇ ನೆನಪಿಟ್ಟುಕೊಂಡರೂ ನನಗೆ ಬೇಜಾರಿಲ್ಲ.

ಎಲ್ಲಿ ಕೂರಿಸಬೇಕು?

ಗ್ರಿಡ್ ಗೆರೆಗಳು ಸೇರುವ ನಾಲ್ಕು ಬಿಂದುಗಳಿವೆ ನೋಡಿ, ಮುಖ್ಯವಾದದ್ದನ್ನು ಅವುಗಳಲ್ಲಿ ಒಂದರ ಹತ್ತಿರ ಇಡಿ. ಚಿತ್ರವನ್ನು ಮೂರು ಪಾಲು ಮಾಡುವ ಈ ಸೂತ್ರಕ್ಕೆ 1797ರಲ್ಲಿ ಜಾನ್ ಥಾಮಸ್ ಸ್ಮಿತ್ ಎಂಬ ಇಂಗ್ಲೆಂಡಿನ ಕಲಾವಿದ ಹೆಸರು ಕೊಟ್ಟ. ಅಂದರೆ ಕ್ಯಾಮೆರಾ ಹುಟ್ಟುವ ಮೊದಲೇ. ಎದುರು ತೋಟ, ಹಿಂದೆ ಬೆಟ್ಟ, ಮೇಲೆ ಆಕಾಶ ಇದ್ದರೆ ಇವತ್ತು ಯಾವುದು ಚೆನ್ನಾಗಿದೆ ಎಂದು ನೋಡಿ. ಮೋಡ ಚೆನ್ನಾಗಿದ್ದರೆ ಆಕಾಶಕ್ಕೆ ಎರಡು ಪಾಲು. ಬರೀ ಬಿಳಿ ಆಕಾಶವಾದರೆ ಒಂದು ಪಾಲೂ ಜಾಸ್ತಿಯೇ.

ನೋಟಕ್ಕೂ ಜಾಗ ಬಿಡಬೇಕು. ಬೇಲೂರಿನ ದರ್ಪಣಸುಂದರಿ ಕನ್ನಡಿಯಲ್ಲಿ ಮುಖ ನೋಡಿಕೊಳ್ಳುತ್ತಾಳೆ. ಕನ್ನಡಿಯ ಪಕ್ಕಕ್ಕೇ ಚೌಕಟ್ಟು ಕತ್ತರಿಸಿದರೆ ಅವಳನ್ನು ಗೋಡೆಗೆ ಒತ್ತಿದ ಹಾಗಾಗುತ್ತದೆ. ಅವಳು ನೋಡುವ ಕಡೆ ಸ್ವಲ್ಪ ಖಾಲಿ ಇರಲಿ. ಓಡುವ ಮಗು, ಸೈಕಲ್, ಹಾರುವ ಕೊಕ್ಕರೆ, ಎಲ್ಲಕ್ಕೂ ಇದೇ ಲೆಕ್ಕ.

ಹಾಗಂತ ನಡುವೆ ಇಡಲೇಬಾರದು ಅಂತಿಲ್ಲ. ಶೆಟ್ಟಿಹಳ್ಳಿಯ ಹಳೇ ಚರ್ಚಿಗೆ ಮಳೆಗಾಲ ಕಳೆದ ಮೇಲೆ ಹೋಗಿ. ಗೊರೂರು ಅಣೆಕಟ್ಟೆಯ ಹಿನ್ನೀರು ಗೋಡೆಗಳ ಬುಡದವರೆಗೆ ಬಂದಿದ್ದರೆ, ಗಾಳಿ ಇಲ್ಲದ ಬೆಳಗ್ಗೆ ಕಮಾನುಗಳು ನೀರಿನಲ್ಲಿ ತಲೆಕೆಳಗಾಗಿ ನಿಂತಿರುತ್ತವೆ. ಅಲ್ಲಿ ನೀರಿನ ಗೆರೆಯನ್ನು ಸರಿಯಾಗಿ ನಡುವಿಗೇ ತನ್ನಿ. ಮೇಲೂ ಕೆಳಗೂ ಸಮಸಮ ಆದಾಗಲೇ ಮಜಾ. ಆದರೆ ದಡದಿಂದಲೇ ತೆಗೆಯಿರಿ. ಹಳೇ ಗೋಡೆ, ಕೆಸರು ಎರಡನ್ನೂ ನಂಬಬಾರದು.

ಬೆಳಕಿಗೆ ಕಾಯುವುದು

ನನಗೆ ಎಲ್ಲಕ್ಕಿಂತ ಇಷ್ಟದ ಪಾಠ ಇದು, ಕಲಿಯಲು ತಡವಾದದ್ದೂ ಇದೇ. ಹೊಯ್ಸಳರ ಶಿಲ್ಪಿಗಳು ಬಳಸಿದ್ದು ಬಳಪದ ಕಲ್ಲು. ಉಳಿಗೆ ಮೆತ್ತಗಿರುವುದರಿಂದ ಉಗುರು, ಸರದ ಮಣಿ, ಕಿವಿಯ ಓಲೆವರೆಗೆ ಕೆತ್ತಿದರು. ಆ ಸಣ್ಣ ಕೆಲಸ ಕಣ್ಣಿಗೆ ಕಾಣುವುದು ನೆರಳಿನಿಂದ. ಮುಖಕ್ಕೆ ನೇರ ಬೆಳಕು ಬಿದ್ದರೆ ನೆರಳೆಲ್ಲ ಅಳಿಸಿಹೋಗಿ ಶಿಲ್ಪ ಕಾಗದದ ಹಾಗೆ ಚಪ್ಪಟೆಯಾಗುತ್ತದೆ. ಪಕ್ಕದಿಂದ ಓರೆಯಾಗಿ ಬಿದ್ದರೆ ಪ್ರತಿ ಮಣಿಯೂ ಎದ್ದು ನಿಲ್ಲುತ್ತದೆ. ಫ್ಲ್ಯಾಷ್ ಯಾಕೆ ಬೇಡ ಅಂತ ಬೇರೆ ಹೇಳಬೇಕಿಲ್ಲ.

ಹಳೇಬೀಡಿನಲ್ಲಿ ಇದನ್ನು ಪರೀಕ್ಷೆ ಮಾಡಬಹುದು. ಹೊಯ್ಸಳೇಶ್ವರ ಗುಡಿಯ ಹೊರಗೋಡೆ ಮಡಿಕೆಮಡಿಕೆಯಾಗಿ ತಿರುಗುತ್ತಾ ಹೋಗುತ್ತದೆ. ಒಂದು ಮುಖಕ್ಕೆ ಬಿಸಿಲು ನೇರ ಬಿದ್ದಾಗ ಪಕ್ಕದ ಮುಖಕ್ಕೆ ಓರೆ, ಅದರಾಚೆಯದಕ್ಕೆ ನೆರಳು. ಒಂದೇ ಜಾಗದಲ್ಲಿ ನಿಂತು ಮೂರನ್ನೂ ತೆಗೆದು ಹೋಲಿಸಿ. ಮಧ್ಯಾಹ್ನದ ಹೊತ್ತಿಗೆ ಬೆಳಕು ನೆತ್ತಿಯಿಂದ ಬೀಳುತ್ತದೆ, ಮೂರ್ತಿಗಳ ಕಣ್ಣಿನಲ್ಲಿ ಕಪ್ಪು ಗುಳಿ. ನಮ್ಮ ನೆಂಟರ ಮುಖಕ್ಕೂ ಅದೇ ಗತಿ. ಅವರನ್ನು ಮರದ ನೆರಳಿಗೋ ಮಂಟಪದ ಅಂಚಿಗೋ ಕರೆಯಿರಿ.

ಮೊಬೈಲಿನಲ್ಲಿ ಇನ್ನೊಂದು ಉಪಾಯವಿದೆ. ಬೆಳಗಿರುವ ಭಾಗದ ಮೇಲೆ ಬೆರಳಿಟ್ಟು ಒತ್ತಿ ಹಿಡಿದರೆ ಬಹುತೇಕ ಮೊಬೈಲ್‌ಗಳಲ್ಲಿ ಫೋಕಸ್, ಬೆಳಕು ಎರಡೂ ಅಲ್ಲೇ ನಿಲ್ಲುತ್ತವೆ. ಪಕ್ಕದಲ್ಲಿ ಬರುವ ಪುಟ್ಟ ಸೂರ್ಯನ ಗುರುತನ್ನು ಸ್ವಲ್ಪ ಕೆಳಕ್ಕೆ ಎಳೆಯಿರಿ. ನೆರಳು ಗಾಢವಾಗಿ ಕಲ್ಲಿಗೆ ಮೈ ಬರುತ್ತದೆ.

ಅದೇ ಗೋಡೆಯ ಬುಡವನ್ನೂ ನೋಡಿ. ಎಲ್ಲಕ್ಕಿಂತ ಕೆಳಗೆ ಆನೆಗಳ ಸಾಲು. ಅದರ ಮೇಲೆ ಸಿಂಹ, ಬಳ್ಳಿ, ಕುದುರೆ. ಇನ್ನೂ ಮೇಲೆ ಪುರಾಣದ ಕಥೆಗಳು, ಮಕರ, ಹಂಸ. ಭಾರದ ಪ್ರಾಣಿ ಕೆಳಗೆ, ಹಾರುವ ಹಕ್ಕಿ ಮೇಲೆ! ಫೋಟೊದಲ್ಲೂ ಕಪ್ಪು, ದಪ್ಪ ಆಕಾರಗಳು ಕೆಳಗಿದ್ದರೆ ಚಿತ್ರ ನೆಲ ಹಿಡಿದು ಕೂರುತ್ತದೆ. ಮೇಲಿದ್ದರೆ ಏನೋ ಬೀಳುತ್ತದೆ ಎಂಬ ಕಳವಳ. ಕಳವಳವೇ ಬೇಕಿದ್ದರೆ ಬೇಕಂತಲೇ ಹಾಗೆ ಮಾಡಿ.

ಗೆರೆ, ಬಾಗಿಲು, ಬಣ್ಣ

ಸಕಲೇಶಪುರದ ಮಂಜರಾಬಾದ್ ಕೋಟೆ ನಕ್ಷತ್ರದ ಆಕಾರದಲ್ಲಿದೆ ಎಂದು ಎಲ್ಲರಿಗೂ ಗೊತ್ತು. ಅದು ಕಾಣುವುದು ಆಕಾಶದಿಂದ ಮಾತ್ರ. ಎಷ್ಟೋ ಜನ ಡ್ರೋನ್ ಚಿತ್ರ ನೋಡಿ ಹೋಗಿ, ಒಳಗೆ ನಿಂತು ನಿರಾಸೆಪಡುತ್ತಾರೆ. ನೆಲದ ಮೇಲೆ ನಿಂತವರಿಗೆ ಅಲ್ಲಿ ಬೇರೆ ಆಸ್ತಿ ಇದೆ. ಕಮಾನಿನ ಕತ್ತಲ ದಾರಿಯೊಳಗೆ ನಿಂತು ಹೊರಗಿನ ಹಸಿರನ್ನು ತೆಗೆಯಿರಿ. ಕಮಾನು ತಾನೇ ಚೌಕಟ್ಟಾಗುತ್ತದೆ. ಗೋಡೆಯ ಅಂಚು ಮೂಲೆಯಿಂದ ಶುರುವಾಗಿ ನೋಡುವವರ ಕಣ್ಣನ್ನು ಒಳಗೆ ಕರೆದೊಯ್ಯಲಿ. ಆ ಗೆರೆಯ ಕೊನೆಯಲ್ಲಿ ಏನಾದರೂ ಇರಬೇಕು ಅನ್ನುವುದು ಮಾತ್ರ ಮರೆಯಬೇಡಿ. ಒಬ್ಬ ಮನುಷ್ಯ ಸಾಕು.

ಬಣ್ಣದ ಚಕ್ರದಲ್ಲಿ ಕೆಂಪು, ಹಸಿರು ಎದುರುಬದುರು. ಪಕ್ಕಪಕ್ಕ ಬಂದಾಗ ಎರಡೂ ಹೊಳೆಯುತ್ತವೆ. ಕಾಫಿ ಕೊಯ್ಲಿನ ಹೊತ್ತಿನಲ್ಲಿ ಇದಕ್ಕೆ ಹುಡುಕಾಟವೇ ಬೇಡ, ತೋಟದವರ ಒಪ್ಪಿಗೆ ಬೇಕು, ಅಷ್ಟೇ. ಕಣದ ತುಂಬ ಹರಡಿದ ಹಣ್ಣು ಚೆಂದವೇ. ಆದರೆ ಒಂದೇ ಥರದ ಹರಹಿನಲ್ಲಿ ಕಣ್ಣು ನಿಲ್ಲುವುದಿಲ್ಲ. ಹಣ್ಣು ಕೆದಕುವ ಕೈಯೋ ಒಂದು ಹಸಿರೆಲೆಯೋ ಬಂದ ಕ್ಷಣಕ್ಕೆ ಕಾಯಿರಿ.

ದೊಡ್ಡದು ಮತ್ತು ಖಾಲಿ

ಶ್ರವಣಬೆಳಗೊಳದ ಗೊಮ್ಮಟ ಸುಮಾರು 57 ಅಡಿ. ಬುಡದಲ್ಲಿ ನಿಂತು ಮೊಬೈಲ್ ಮೇಲಕ್ಕೆತ್ತಿದರೆ ಪಾದ ಊದಿಕೊಂಡು, ತಲೆ ಲಿಂಬೆಹಣ್ಣಾಗುತ್ತದೆ. ಆದಷ್ಟು ಹಿಂದೆ ಸರಿಯಿರಿ. ಇಲ್ಲವಾದರೆ ಪೂರ್ತಿ ತೆಗೆಯುವ ಆಸೆ ಬಿಟ್ಟು ಪಾದ, ಪಕ್ಕದಲ್ಲಿ ಕೈಮುಗಿದ ಅಜ್ಜಿ, ಇಷ್ಟನ್ನೇ ತೆಗೆಯಿರಿ. ಎತ್ತರ ಎಷ್ಟೆಂದು ಆ ಅಜ್ಜಿಯೇ ಹೇಳುತ್ತಾರೆ.

ಮುಳ್ಳಯ್ಯನಗಿರಿಯಲ್ಲಿ ಮಂಜು ಕವಿದಾಗ ಜನ ‘ಏನೂ ಕಾಣ್ತಿಲ್ಲ’ ಎಂದು ವಾಪಸ್ ಹೊರಡುತ್ತಾರೆ. ನೀವು ಉಳಿಯಿರಿ. ಬೇಡದ್ದನ್ನೆಲ್ಲ ಮಂಜೇ ಅಳಿಸಿಕೊಟ್ಟಿದೆ. ಮೆಟ್ಟಿಲ ಮೇಲೆ ಒಂದು ಕೊಡೆ ಚೌಕಟ್ಟಿನ ಕೆಳಮೂಲೆಯಲ್ಲಿರಲಿ, ಉಳಿದದ್ದೆಲ್ಲ ಬಿಳಿ.

ಬರುವ ಭಾನುವಾರಕ್ಕೆ ಒಂದು ಮನೆಗೆಲಸ. ನಿಮ್ಮ ಬೀದಿಯ ಟೀ ಅಂಗಡಿಯೋ ಬಾವಿಕಟ್ಟೆಯೋ, ಒಂದೇ ಒಂದು ವಸ್ತು ಆರಿಸಿ. ಬೆಳಗ್ಗೆ ಹತ್ತು, ಸಂಜೆ ಹತ್ತು ಫೋಟೊ. ಪ್ರತಿ ಸಲವೂ ನಿಂತ ಜಾಗ ಬದಲಾಗಬೇಕು. ರಾತ್ರಿ ಊಟವಾದ ಮೇಲೆ ಮೊಬೈಲನ್ನು ತಲೆಕೆಳಗೆ ಹಿಡಿದು ಒಂದೊಂದಾಗಿ ನೋಡಿ. ಪರದೆ ತಾನಾಗಿ ತಿರುಗದಂತೆ ಮೊದಲೇ ಲಾಕ್ ಮಾಡಿರಿ. ವಸ್ತು ಯಾವುದೆಂದು ಮರೆತು ಬರೀ ಆಕಾರಗಳು ಕಾಣುತ್ತವೆ, ಯಾವುದು ವಾಲಿದೆ ಅನ್ನುವುದು ಆಗ ಗೊತ್ತಾಗುತ್ತದೆ. ಹತ್ತೊಂಬತ್ತನ್ನು ಅಳಿಸಿ.

ದೊಡ್ಡಮ್ಮನನ್ನು ಹೋದ ತಿಂಗಳು ಮತ್ತೆ ಬೇಲೂರಿಗೆ ಕರೆದುಕೊಂಡು ಹೋಗಿದ್ದೆ. ನಾನು ಮೊಬೈಲ್ ತೆಗೆಯುತ್ತಿದ್ದ ಹಾಗೇ ಅವರು ಹಿಂದೆ ತಿರುಗಿ ಕಂಬ ಎಲ್ಲಿದೆ ಎಂದು ನೋಡಿಕೊಂಡು, ತಾವೇ ಎರಡು ಹೆಜ್ಜೆ ಸರಿದು ನಿಂತರು.