ಹಳೆ ಮಾರುತಿಗೆ ಪೇಪರ್ ಹೊಡೆದದ್ದು: ಎಷ್ಟು ಇಳಿಯಬೇಕು, ಎಲ್ಲಿ ನಿಲ್ಲಬೇಕು

ಮರು ಪೇಂಟ್ ಅಂದರೆ ತಗಡು ಬೆಳ್ಳಗೆ ಕಾಣುವವರೆಗೆ ಎಲ್ಲ ಕೆರೆದು ಹಾಕಬೇಕು ಅನ್ನುವವರೇ ಹೆಚ್ಚು. ನಾನು ಹಾಗೆ ಮಾಡಲಿಲ್ಲ. ಗಾಡಿ 1998ರ ಬಿಳಿ ಮಾರುತಿ 800, ಕರಾವಳಿಯಲ್ಲೇ ಓಡಿದ್ದು, ನಡುವೆ ಒಮ್ಮೆ ಇಡೀ ಪೇಂಟ್ ಆಗಿತ್ತು. ಕಂಪನಿಯಲ್ಲಿ ಬಾಡಿಯನ್ನು ತೊಟ್ಟಿಯಲ್ಲಿ ಮುಳುಗಿಸಿ, ಕರೆಂಟ್ ಹಾಯಿಸಿ ತಳದ ಪ್ರೈಮರ್ ಹಿಡಿಸಿರುತ್ತಾರೆ. ದಪ್ಪ 20 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್) ಆಸುಪಾಸು ಅಷ್ಟೆ, ಆದರೆ ಮನೆ ಅಂಗಳದಲ್ಲಿ ಗನ್ ಹಿಡಿದು ಅಂಥದ್ದನ್ನು ಮತ್ತೆ ಕೂರಿಸುವುದು ಆಗದ ಮಾತು. ಅದು ಗಟ್ಟಿಯಾಗಿ ನಿಂತಿರುವ ಕಡೆ ಕೆರೆಯುವುದು ಇದ್ದ ಆಸ್ತಿಯನ್ನು ಕಳೆದುಕೊಂಡ ಹಾಗೆ. ಆದ್ದರಿಂದ ಪೇಪರ್ ಹೊಡೆಯುವ, ಅಂದರೆ ಉಪ್ಪುಕಾಗದದಿಂದ ಉಜ್ಜುವ ಮೊದಲು ಯಾವ ಪ್ಯಾನೆಲ್‌ನಲ್ಲಿ ಎಷ್ಟು ಆಳ ಇಳಿಯಬೇಕು ಎಂದು ಲೆಕ್ಕ ಹಾಕಿಕೊಂಡೆ.

ಅದಕ್ಕೆ ಮೂರು ಪರೀಕ್ಷೆ. ಮೊದಲನೆಯದು ಪೇಂಟಿನ ದಪ್ಪ ಅಳೆಯುವ ಮೈಕ್ರಾನ್ ಗೇಜ್. ಬಾಗಿಲ ಒಳಮೈಯಲ್ಲಿ, ಯಾರೂ ಮುಟ್ಟದ ಜಾಗದಲ್ಲಿ, 90ರಿಂದ 100 ತೋರಿಸಿತು. ಬಾನೆಟ್ ಮತ್ತು ರೂಫ್ ಮೇಲೆ 230ರಿಂದ 260. ಎಡಗಡೆ ಹಿಂದಿನ ಚಕ್ರದ ಮೇಲ್ಗಡೆ 900 ದಾಟಿತು, ಅಂದರೆ ಅಡಿಯಲ್ಲಿ ಪುಟ್ಟಿ (ತಗ್ಗು ತುಂಬುವ ಪೇಸ್ಟ್) ಇದೆ. ಗೇಜ್ ಇಲ್ಲದವರು ಸಣ್ಣ ಆಯಸ್ಕಾಂತವನ್ನು ತೆಳು ಬಟ್ಟೆಯಲ್ಲಿ ಸುತ್ತಿ ಎಳೆದು ನೋಡಬಹುದು, ಪುಟ್ಟಿ ಇದ್ದಲ್ಲಿ ಅದರ ಹಿಡಿತ ಸಡಿಲವಾಗುತ್ತದೆ. ಎರಡನೆಯದು ತಿನ್ನರ್ ಪರೀಕ್ಷೆ. ಎನ್‌ಸಿ (ನೈಟ್ರೋಸೆಲ್ಯುಲೋಸ್) ತಿನ್ನರ್‌ನಲ್ಲಿ ಅದ್ದಿದ ಬಟ್ಟೆಯನ್ನು ಒಂದು ನಿಮಿಷ ಒತ್ತಿಟ್ಟು ಉಜ್ಜಿದಾಗ ಬಟ್ಟೆಗೆ ಬಿಳಿ ಹತ್ತಿತು. ಮೇಲಿನ ಪದರ ಎನ್‌ಸಿ, ಒಣಗಿದ ಮೇಲೂ ತಿನ್ನರ್‌ಗೆ ಕರಗುವ ಜಾತಿ. ಅದರ ಮೇಲೆ ನೇರ 2ಕೆ (ಹಾರ್ಡ್‌ನರ್ ಬೆರೆಸಿ ಹೊಡೆಯುವ) ಪೇಂಟ್ ಹೊಡೆದರೆ ಹೊಸ ಪೇಂಟಿನ ತಿನ್ನರ್ ಕೆಳಗಿಳಿದು ಹಳೆಯದು ಉಬ್ಬಿ, ಕಾಯಿಸಿದ ಹಾಲಿನ ಕೆನೆಯ ಹಾಗೆ ಸುಕ್ಕಾಗುತ್ತದೆ. ಹಾಗಾಗಿ ಆ ಪದರ ಪೂರ್ತಿ ಹೋಗಲೇಬೇಕು. ಮೂರನೆಯದಕ್ಕೆ ಬ್ಲೇಡ್ ಸಾಕು: ಎರಡೆರಡು ಮಿಲಿಮೀಟರ್ ಅಂತರದಲ್ಲಿ ಚೌಕುಳಿ ಗೀರಿ, ಟೇಪ್ ಒತ್ತಿ ಕಿತ್ತೆ. ಮುಂದಿನ ಎರಡೂ ಫೆಂಡರ್‌ಗಳಲ್ಲಿ ಚೌಕಗಳು ಟೇಪಿನ ಜೊತೆಗೇ ಎದ್ದು ಬಂದವು. ಹಿಂದೆ ಪೇಂಟ್ ಮಾಡಿದವರು ಹೊಳಪು ಮುರಿಯದೆ ಹಾಗೆಯೇ ಮೇಲೆ ಹೊಡೆದಿದ್ದರು.

ತೀರ್ಮಾನ ಹೀಗಾಯಿತು: ಎನ್‌ಸಿ ಪದರವೂ ಅದರ ಪ್ರೈಮರೂ ಎಲ್ಲ ಕಡೆ ಹೋಗಬೇಕು, ಕಂಪನಿಯ ಬಿಳಿ ಉಳಿಯಬೇಕು, ತುಕ್ಕು ಮತ್ತು ಹಳೇ ಪುಟ್ಟಿ ಇರುವ ಕಡೆ ಮಾತ್ರ ತಗಡಿನವರೆಗೆ ಇಳಿಯಬೇಕು. (ಬಿಳಿಗೆ ಬಿಳಿಯೇ ಆದ್ದರಿಂದ ಆರ್‌ಟಿಒ ಕೆಲಸ ಇರಲಿಲ್ಲ. ಬಣ್ಣ ಬದಲಿಸುವವರು ಆರ್‌ಸಿಯಲ್ಲಿ ನಮೂದಿಸಲೇಬೇಕು.)

ಬಂಪರ್, ಲೈಟು, ಹ್ಯಾಂಡಲ್, ಬೀಡಿಂಗ್ ಎಲ್ಲ ಬಿಚ್ಚಿದೆ. ಬೀಡಿಂಗ್ ಬಿಚ್ಚದೆ ಟೇಪ್ ಸುತ್ತಿ ಮುಗಿಸಿದರೆ ಹೊಸ ಪೇಂಟ್ ಹಕ್ಕಳೆ ಏಳುವುದು ಅಲ್ಲಿಂದಲೇ. ಆಮೇಲೆ ಸೋಪು ನೀರು, ಅದರ ಮೇಲೆ ಗ್ರೀಸ್ ರಿಮೂವರ್, ಒಂದು ಬಟ್ಟೆಯಲ್ಲಿ ಹಚ್ಚಿ ಒಣಗುವ ಮುಂಚೆ ಇನ್ನೊಂದರಲ್ಲಿ ಒರೆಸುವುದು. ಇದನ್ನು ಉಜ್ಜಿದ ಮೇಲೆ ಮಾಡಿದರಾಯಿತು ಎಂದು ಬಿಡಬಾರದು. ಪಾಲಿಶ್‌ನ ಸಿಲಿಕೋನ್ ಮೈಮೇಲಿರುವಾಗ ಪೇಪರ್ ಹೊಡೆದರೆ ಅದು ಗೀರುಗಳೊಳಗೆ ಇಳಿದು, ಪೇಂಟ್ ಹೊಡೆಯುವ ದಿನ ಸಣ್ಣ ಸಣ್ಣ ಕುಳಿಗಳಾಗಿ ಕಾಣಿಸಿಕೊಳ್ಳುತ್ತದೆ.

ಫೆಂಡರ್‌ಗಳಲ್ಲಿ ಸ್ಯಾಂಡರ್ (ಉಪ್ಪುಕಾಗದದ ಡಿಸ್ಕ್ ತಿರುಗಿಸಿ ಉಜ್ಜುವ ಯಂತ್ರ) ಬೇಕಾಗಲೇ ಇಲ್ಲ. ಬ್ಲೇಡ್ ಸ್ಕ್ರೇಪರನ್ನು ಬಹುತೇಕ ಮಲಗಿಸಿ ತಳ್ಳಿದರೆ ಪಟ್ಟಿ ಪಟ್ಟಿಯಾಗಿ ಎದ್ದು ಬಂತು. ಉಳಿದ ಕಡೆ 150 ಮಿಲಿಮೀಟರ್ ಪ್ಯಾಡಿನ ಕರೆಂಟ್ ಸ್ಯಾಂಡರ್, ವ್ಯಾಕ್ಯೂಮ್ ಜೋಡಿಸಿದ್ದು. ಗಾಳಿಯಲ್ಲಿ ಓಡುವ ಸ್ಯಾಂಡರ್ ಹಗುರ ಹೌದು, ಆದರೆ ಮನೆಯ 2 ಎಚ್‌ಪಿ, 50 ಲೀಟರ್ ಕಂಪ್ರೆಸರ್ ಅದಕ್ಕೆ ಗಾಳಿ ಒದಗಿಸಲಾರದು. ಎರಡು ನಿಮಿಷಕ್ಕೊಮ್ಮೆ ಕಾಯುತ್ತಾ ಕೂರಬೇಕು. ಇಡೀ ಗಾಡಿಗೆ ಹಿಡಿದದ್ದು 80 ನಂಬರಿನ 30 ಡಿಸ್ಕ್, 120ರ 15, 180ರ 20, 320ರ 15 (ನಂಬರ್ ಸಣ್ಣದಾದಷ್ಟೂ ಪೇಪರ್ ಒರಟು). ಡಿಸ್ಕ್ ಉಳಿಸಲು ಹೋಗಬೇಡಿ. ಸವೆದ ಪೇಪರ್ ಕೊರೆಯುವುದಿಲ್ಲ, ಬಿಸಿ ಮಾಡುತ್ತದೆ. ಬಿಸಿಯಾದ ಎನ್‌ಸಿ ಮೆತ್ತಗಾಗಿ ಪೇಪರಿಗೇ ಮೆತ್ತಿಕೊಳ್ಳುತ್ತದೆ.

ಬಿಳಿಯ ಮೇಲೆ ಬಿಳಿ ಇದ್ದಾಗ ಎಲ್ಲಿಗೆ ಬಂದೆವೆಂದು ತಿಳಿಯುವುದು ಹೇಗೆ? ನಡುವೆ ಹಳೇ ಪೇಂಟರ್ ಹಾಕಿದ ಬೂದು ಪ್ರೈಮರ್ ಇತ್ತು. ಬಿಳಿ, ಬೂದು, ಮತ್ತೆ ಬಿಳಿ. ಎರಡನೇ ಬಿಳಿ ಕಂಡಲ್ಲಿ ಕೈ ತಡೆಯಬೇಕು. ದೂಳೂ ಹೇಳುತ್ತದೆ: ಎನ್‌ಸಿ ದೂಳು ಡಿಸ್ಕಿನ ಮೇಲೆ ಒದ್ದೆ ಕಡಲೆಹಿಟ್ಟಿನ ಹಾಗೆ ಗಂಟು ಕಟ್ಟುತ್ತದೆ, ಒಲೆಯಲ್ಲಿ ಬೇಯಿಸಿದ ಕಂಪನಿ ಪೇಂಟಿನದು ಮುಖದ ಪೌಡರಿನಷ್ಟು ನುಣ್ಣಗೆ, ಒಣ ಒಣ. ಇದನ್ನು ಗುರುತಿಸಿದ ಮೇಲೆ ಬೂದು ಕಾಣುವವರೆಗೆ 80, ಬೂದನ್ನು ತೆಗೆಯಲು 120, ಬಿಳಿ ಬಂದಕೂಡಲೇ 180 ಎಂದು ನಿಯಮ ಮಾಡಿಕೊಂಡೆ. 80ರಲ್ಲೇ ಬಿಳಿಯವರೆಗೆ ಇಳಿದರೆ ಅದರ ಗೀರು ಅಳಿಸುವಷ್ಟರಲ್ಲಿ ಬಿಳಿಯೂ ಮುಗಿದಿರುತ್ತದೆ.

ಪ್ಯಾಡ್ ಸಪಾಟಾಗಿ ಕೂತಿರಬೇಕು, ಕೈಯ ಭಾರವಷ್ಟೇ ಸಾಕು. ಒತ್ತಿದರೆ ಪ್ಯಾಡ್ ತಿರುಗುವುದು ನಿಂತು ಬರೀ ಅದುರುತ್ತದೆ, ಅಥವಾ ಅಡಿಯಲ್ಲಿ ಸಿಕ್ಕ ಒಂದು ಹರಳು ಜಿಲೇಬಿ ಸುತ್ತಿನಂಥ ಗೀರು ಬರೆಯುತ್ತದೆ. ನಂಬರ್ ಬದಲಿಸುವಾಗಲೆಲ್ಲ ಮೈ ಒರೆಸಿದರೆ ಈ ಜಿಲೇಬಿ ಬರುವುದಿಲ್ಲ. ಬಾನೆಟ್ಟಿನ ಮಡಿಕೆ, ಬಾಗಿಲ ಅಂಚು, ಸೊಂಟದ ಗೆರೆ, ಇವುಗಳ ಮೇಲೆ ಪೇಂಟ್ ಮೊದಲೇ ತೆಳು. ಸ್ಯಾಂಡರ್ ಒಂದು ಸಲ ಹಾದರೂ ಅಲ್ಲಿ ತಗಡು ಕಾಣುತ್ತದೆ. ಅಂಚಿಗೆ ಮಾಸ್ಕಿಂಗ್ ಟೇಪ್ ಎರಡು ಪದರ ಅಂಟಿಸಿ ಅಕ್ಕಪಕ್ಕ ಮುಗಿಸಿದೆ, ಆಮೇಲೆ ಟೇಪ್ ತೆಗೆದು ಅಂಚನ್ನು ಕೈಯಿಂದ 320ರಲ್ಲಿ ಉಜ್ಜಿದೆ.

ಗ್ರೈಂಡರಿಗೆ ಫ್ಲ್ಯಾಪ್ ಡಿಸ್ಕ್ ಹಾಕಿದರೆ ಅರ್ಧ ದಿನದಲ್ಲಿ ಮುಗಿಯುತ್ತದೆ ಎಂದು ಹೇಳುವವರಿದ್ದಾರೆ. ಮುಗಿಯುವುದು ಪೇಂಟ್ ಮಾತ್ರವಲ್ಲ. ಈ ಗಾಡಿಯ ತಗಡು ಒಂದು ಮಿಲಿಮೀಟರಿಗಿಂತ ತೆಳು. ರೂಫ್, ಬಾನೆಟ್‌ನಂಥ ಸಪಾಟು ಜಾಗದಲ್ಲಿ ಬಿಸಿ ಏರಿದರೆ ತಗಡು ಹಿಗ್ಗಿ, ಒತ್ತಿದರೆ ಟಪ್ ಎಂದು ಒಳಗೆ ಹೋಗಿ ಬರುವಂತಾಗುತ್ತದೆ. ಅದನ್ನು ಸರಿ ಮಾಡಲು ಟಿಂಕರಿಂಗ್‌ನವರೂ ಒದ್ದಾಡುತ್ತಾರೆ. ಪೇಂಟ್ ರಿಮೂವರ್ ಪೇಸ್ಟನ್ನೂ ಬಳಸಲಿಲ್ಲ. ಅದು ತಗಡಿನ ಜೋಡಣೆಗಳೊಳಗೆ ಇಳಿದು ಕೂತರೆ ತಿಂಗಳುಗಳ ನಂತರ ಹೊಸ ಪೇಂಟನ್ನು ಒಳಗಿಂದಲೇ ಎಬ್ಬಿಸುತ್ತದೆ.

ತುಕ್ಕಿನ ಜಾಗ ಈ ಗಾಡಿಯಲ್ಲಿ ಎಲ್ಲರಿಗೂ ಗೊತ್ತಿರುವವೇ: ಬಾಗಿಲ ಕೆಳಗಂಚು, ಫೆಂಡರಿನ ಹಿಂಬದಿಯ ಬುಡ, ಹಿಂದಿನ ಚಕ್ರದ ಕಮಾನು. ಹಳೇ ಪುಟ್ಟಿ ಇದ್ದ ಆ 900 ಮೈಕ್ರಾನಿನ ಜಾಗದಲ್ಲಿ 80 ಹೊಡೆದಾಗ ಕೆಳಗೆ ಕಪ್ಪು ಚುಕ್ಕೆಗಳು ಕಂಡವು. ಸೂಜಿಯಿಂದ ಚುಚ್ಚಿದರೆ ಎರಡು ಕಡೆ ಆಚೆಗೆ ತೂರಿತು. ಅಲ್ಲಿ ಉಜ್ಜುವ ಕೆಲಸ ಮುಗಿಯಿತು, ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಿಸಬೇಕು. ತೂತಾಗದ ಕಡೆ ವೈರ್ ಬ್ರಷ್, ಆಮೇಲೆ 80. ಕುಳಿಯೊಳಗೆ ಉಳಿದ ಕಪ್ಪಿಗೆ ಫಾಸ್ಫಾರಿಕ್ ಆಸಿಡ್ ದ್ರಾವಣ ಹಚ್ಚಿ, ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಬಿಟ್ಟು, ಚೆನ್ನಾಗಿ ತೊಳೆದು ಒಣಗಿಸಿದೆ. ಆಸಿಡ್ ಅಲ್ಲೇ ಉಳಿದರೆ ಎಪಾಕ್ಸಿ ಪ್ರೈಮರ್ (ಬರಿ ತಗಡಿಗೆ ತುಕ್ಕು ಹಿಡಿಯದಂತೆ ಮೊದಲು ಹೊಡೆಯುವ ಪದರ) ಹಿಡಿಯುವುದಿಲ್ಲ.

ಇನ್ನು ಫೆದರ್ ಮಾಡುವುದು, ಅಂದರೆ ಪೇಂಟಿನ ಅಂಚನ್ನು ಇಳಿಜಾರಾಗಿ ತೆಳುಮಾಡುವುದು. ತಗಡು ಕಂಡ ಜಾಗದ ಸುತ್ತ ಪೇಂಟಿನ ಅಂಚು ಮೆಟ್ಟಿಲಾಗಿ ನಿಂತಿರುತ್ತದೆ. ಸ್ಯಾಂಡರನ್ನು ಪೇಂಟಿನ ಕಡೆಯಿಂದ ತಗಡಿನ ಕಡೆಗೆ ಆಡಿಸುತ್ತಾ ಹೋದರೆ ಪದರಗಳು ಅಡ್ಡ ಕತ್ತರಿಸಿದ ಈರುಳ್ಳಿಯ ಬಳೆಗಳಂತೆ ಒಂದರಾಚೆ ಒಂದು ತೆರೆದುಕೊಳ್ಳುತ್ತವೆ: ಬಿಳಿ, ಸರ್ಫೇಸರ್ (ಬಣ್ಣದ ಅಡಿಗೆ ಮೈ ಸಮ ಮಾಡಲು ಹೊಡೆಯುವ ಪದರ), ತಳದ ಪ್ರೈಮರ್, ಕೊನೆಗೆ ತಗಡು. ಒಂದೊಂದು ಬಳೆ ಒಂದು ಸೆಂಟಿಮೀಟರಾದರೂ ಅಗಲ ಇರಬೇಕು. ದಾರದಷ್ಟು ಸಣ್ಣ ಇದ್ದರೆ ಅಲ್ಲಿ ಇನ್ನೂ ಮೆಟ್ಟಿಲಿದೆ ಎಂದರ್ಥ. ಪೇಂಟ್ ಆದ ಎರಡು ತಿಂಗಳಿಗೆ ಬಿಸಿಲಲ್ಲಿ ಅದೇ ಆಕಾರದ ಗೆರೆ ಮೇಲೆ ಮೂಡುತ್ತದೆ. ಕಣ್ಣಿಗಿಂತ ಅಂಗೈಯನ್ನು ನಂಬಿ. ಕೈಗೆ ತೆಳು ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಸವರಿದರೆ ಬರಿಗೈಗೆ ಗೊತ್ತಾಗದ ಮೆಟ್ಟಿಲೂ ಸಿಗುತ್ತದೆ, ತಗಡಿಗೆ ಬೆವರೂ ತಾಗುವುದಿಲ್ಲ. ಕರಾವಳಿಯಲ್ಲಿ ಬೆಳಗ್ಗೆ ಇಟ್ಟ ಬೆರಳಿನ ಗುರುತು ಸಂಜೆಗೆ ಕಂದು ತುಕ್ಕಾಗಿರುತ್ತದೆ. ಅದಕ್ಕೇ ತಗಡು ತೆರೆದ ಪ್ಯಾನೆಲನ್ನು ಅದೇ ದಿನ ಎಪಾಕ್ಸಿ ಹೊಡೆದು ಮುಚ್ಚಿದೆ. ದಿನಕ್ಕೆ ಒಂದೇ ಪ್ಯಾನೆಲ್ ಆದರೂ ಸರಿ. ತಗಡಿನ ಮೇಲೆ ಗೀರು 80ರಿಂದ 180ರೊಳಗೆ ಇರಲಿ, ತೀರಾ ನುಣುಪಾದರೆ ಎಪಾಕ್ಸಿಗೆ ಹಿಡಿತ ಸಿಗದು.

ಪುಟ್ಟಿ ಎಪಾಕ್ಸಿಯ ಮೇಲೆ ಹಾಕಿ, 80, 120, 180ರಲ್ಲಿ ಒಣ ಪೇಪರನ್ನೇ ಹೊಡೆದೆ. ಪುಟ್ಟಿಗೆ ನೀರು ತೋರಿಸಬಾರದು. ಅದು ನೀರು ಹೀರಿ ಇಟ್ಟುಕೊಳ್ಳುತ್ತದೆ, ಬಿಸಿಲು ಕಾದಾಗ ಅದೇ ಗುಳ್ಳೆಯಾಗುತ್ತದೆ. ನೀರಿನ ಪೇಪರ್ ಬರುವುದು ಕೊನೆಗೆ, ಸರ್ಫೇಸರ್ ಮೇಲೆ. ಮೊದಲು ಕಪ್ಪು ಮ್ಯಾಟ್ ಸ್ಪ್ರೇಯನ್ನು ದೂರದಿಂದ ಚಿಮುಕಿಸಿ, ರಬ್ಬರ್ ಬ್ಲಾಕಿಗೆ 400 ಸುತ್ತಿ ಕಪ್ಪು ಹೋಗುವವರೆಗೆ ಉಜ್ಜಿದೆ. ಕಪ್ಪು ಉಳಿದದ್ದು ತಗ್ಗು. ಆಮೇಲೆ 600. ಬಿಳಿ ಸಾಲಿಡ್ ಬಣ್ಣಕ್ಕೆ ಅಷ್ಟು ಸಾಕು, ಮೆಟಾಲಿಕ್ ಆದರೆ 800. ಕೈಯಿಂದ ಉಜ್ಜುವ ಕಡೆ ಅರ್ಧ ಹಾಳೆಯನ್ನು ಮೂರು ಮಡಿಕೆ ಮಾಡಿ ಹಿಡಿಯಿರಿ. ಉಪ್ಪಿನ ಮೈ ಇನ್ನೊಂದು ಉಪ್ಪಿನ ಮೈಗೆ ತಾಗದೆ ಮೂರೂ ಮುಖ ಬಳಕೆಗೆ ಬರುತ್ತವೆ. ಬೋರ್‌ವೆಲ್ ನೀರಲ್ಲಿ ಉಜ್ಜಿದರೆ ಅದರ ಲವಣ ಒಣಗಿ ಮೈಮೇಲೆ ಉಳಿದು ಮುಂದೆ ಗುಳ್ಳೆಗೆ ದಾರಿ ಮಾಡುತ್ತದೆ, ಕೊನೆಯ ತೊಳೆತಕ್ಕಾದರೂ ಸಿಹಿನೀರು ಇರಲಿ.

ಒಣ ಪೇಪರ್ ಹೊಡೆಯುವಾಗಲೆಲ್ಲ ಎನ್95 ಮಾಸ್ಕ್ ಹಾಕಿಕೊಂಡಿದ್ದೆ. ಹಳೆಯ ಗಾಡಿಗಳ ಹಳದಿ, ಕೆಂಪು ಪೇಂಟಿನಲ್ಲಿ ಸೀಸ ಇರುವುದುಂಟು. ಅಂಥ ದೂಳನ್ನು ಗುಡಿಸಿ ಎಬ್ಬಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಬೇಕು. 2ಕೆ ಸ್ಪ್ರೇ ಮಾಡುವಾಗ ಈ ಮಾಸ್ಕ್ ಸಾಲದು, ಅದಕ್ಕೆ ಬೇರೆ ರೆಸ್ಪಿರೇಟರ್ ಬೇಕು.

600 ಮುಗಿದ ಮೇಲೆ ಪಕ್ಕದಿಂದ ಟಾರ್ಚ್ ಹಿಡಿದು ನೋಡಿದಾಗ ಬಲ ಬಾಗಿಲ ಗೆರೆಯ ಮೇಲೆ ರೂಪಾಯಿ ನಾಣ್ಯದಷ್ಟು ತಗಡು ತೆರೆದಿತ್ತು. ಬಣ್ಣದ ದಿನ ಇಂಥದ್ದು ಕಂಡರೆ ಹೋಗಲಿ ಎಂದು ಬಿಡಬಾರದು. ಎಪಾಕ್ಸಿಯನ್ನು ಅಲ್ಲಿಗಷ್ಟೇ ತೆಳ್ಳಗೆ ಹೊಡೆದು, ಒಂದು ರಾತ್ರಿ ಬಿಟ್ಟು, ಅಂಚನ್ನು 600ರಲ್ಲಿ ಮಾಯಿಸಿ, ದೂಳು ಹಿಡಿಯುವ ಅಂಟಂಟಾದ ಟ್ಯಾಕ್ ಬಟ್ಟೆಯಲ್ಲಿ ಒರೆಸಿ, ಆಮೇಲೆ ಬಿಳಿ ಕಲಸಿದೆ.