ಯೋಜನೆಯಲ್ಲಿ ಮೃತರಿಗೂ ಒಂದು ಪುಟ ಇರಲಿ

ಊರಿನ ವಿಪತ್ತು ಯೋಜನೆಯನ್ನು ಯಾರಾದರೂ ಕೈಗಿತ್ತರೆ ನಾನು ಮೊದಲು ಹುಡುಕುವುದು ಮೃತರ ಪುಟವನ್ನು. ಹೆಚ್ಚಿನವುಗಳಲ್ಲಿ ಅದು ಇರುವುದೇ ಇಲ್ಲ. ಸಾವಿನ ಮಾತು ಈಗಲೇ ಯಾಕೆ ಎಂಬ ಹಿಂಜರಿಕೆ ನನಗೆ ಅರ್ಥವಾಗುತ್ತದೆ, ಒಪ್ಪಿಗೆಯಾಗುವುದಿಲ್ಲ. ಆ ಪುಟವಿಲ್ಲದ ಕಡೆ ಗಾಯಾಳುಗಳ ಪಕ್ಕದಲ್ಲೇ ಶವಗಳನ್ನು ಮಲಗಿಸಿಬಿಡುತ್ತಾರೆ; ಎರಡು ಕೆಲಸವೂ ಕೆಡುತ್ತದೆ.

ಹಾಗಾಗಿ ಈಗಲೇ ಎರಡು ಜಾಗ ಗುರುತಿಸಿ. ಗಾಯಾಳುಗಳಿಗೆ, ವಾಹನ ಒಂದು ಬದಿಯಿಂದ ಬಂದು ಇನ್ನೊಂದು ಬದಿಯಿಂದ ಹೊರಡಬಹುದಾದ ಬಯಲು. ಮೃತರಿಗೆ, ಅಲ್ಲಿಂದ ಕಣ್ಣಿಗೆ ಬೀಳದ, ಬೀಗ ಹಾಕಬಹುದಾದ ತಂಪು ಕಟ್ಟಡ.

ಬಯಲಿನಲ್ಲಿ, 1983ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ರೂಪುಗೊಂಡ ‘ಸ್ಟಾರ್ಟ್’ ವಿಂಗಡಣೆಯನ್ನು, ಅಂದರೆ ಯಾರಿಗೆ ಮೊದಲು ಚಿಕಿತ್ಸೆ ಎಂದು ಗಾಯಾಳುಗಳನ್ನು ಬೇರ್ಪಡಿಸುವ ಕ್ರಮವನ್ನು, ಅನುಸರಿಸಿ; ಇದು ವಯಸ್ಕರಿಗೆ. ‘ನಡೆಯಲು ಆಗುವವರು ಇತ್ತ ಬನ್ನಿ’ ಎಂದು ಕೂಗಿ; ಬಂದವರಿಗೆ ಹಸಿರು ಪಟ್ಟಿ. ಉಳಿದವರಲ್ಲಿ ಉಸಿರಾಟ ನಿಮಿಷಕ್ಕೆ 30 ಮೀರಿದರೆ, ಒತ್ತಿ ಬಿಟ್ಟ ಉಗುರಿಗೆ 2 ಸೆಕೆಂಡಿನೊಳಗೆ ಕೆಂಪು ಮರಳದಿದ್ದರೆ, ‘ನನ್ನ ಕೈ ಹಿಡಿಯಿರಿ’ ಎಂದರೂ ಹಿಡಿಯದಿದ್ದರೆ, ಈ ಮೂರರಲ್ಲಿ ಒಂದಿದ್ದರೂ ಕೆಂಪು ಪಟ್ಟಿ. ಉಸಿರೇ ಇಲ್ಲದಿದ್ದರೆ ಶ್ವಾಸಮಾರ್ಗ ತೆರೆದು ನೋಡಿ; ಉಸಿರು ಮರಳಿದರೆ ಕೆಂಪು, ಇಲ್ಲದಿದ್ದರೆ ಕಪ್ಪು. ಮಿಕ್ಕವರು ಹಳದಿ. ಕೆಂಪಿನವರಿಗೆ ಮೊದಲು ಚಿಕಿತ್ಸೆ, ಆಮೇಲೆ ಹಳದಿ, ಕೊನೆಗೆ ಹಸಿರು; ಕಪ್ಪು ಎಂದರೆ ಬದುಕಿಸಲಾಗದವರು. ವಿಂಗಡಿಸುವವರು ಶ್ವಾಸಮಾರ್ಗ ತೆರೆದು, ಸುರಿಯುವ ರಕ್ತವನ್ನು ತಡೆದು ಮುಂದಕ್ಕೆ ಹೋಗಬೇಕು, ಒಬ್ಬರ ಬಳಿಯೇ ಕೂರಬಾರದು. ಜೋರಾಗಿ ಅರಚುವವರ ಕಡೆಗೇ ಎಲ್ಲರೂ ಓಡುತ್ತಾರೆ. ನೀವು ಸದ್ದಿಲ್ಲದೆ ಬಿದ್ದವರನ್ನು ನೋಡಿ.

ಕಪ್ಪು ಪಟ್ಟಿ ಮರಣ ಪ್ರಮಾಣಪತ್ರವಲ್ಲ. ಸಾವನ್ನು ದೃಢೀಕರಿಸುವ ಅಧಿಕಾರ ಯಾರಿಗಿದೆ, ಅವರನ್ನು ಕರೆಯುವವರು ಯಾರು ಎಂಬುದನ್ನು ಯೋಜನೆಯಲ್ಲೇ ಬರೆದಿಡಿ.

ಪ್ರತಿ ದೇಹಕ್ಕೂ ಮತ್ತೆಲ್ಲೂ ಬಳಸದ ಒಂದು ಸಂಖ್ಯೆ ಕೊಡಿ. ನೀರಿಗೆ ಅಳಿಸದ ಚೀಟಿಯಲ್ಲಿ ಬರೆದು ದೇಹಕ್ಕೆ ಕಟ್ಟಿ. ಶವವಿಡುವ ಚೀಲದ ಮೇಲೂ ಅದೇ ಸಂಖ್ಯೆ ಇರಲಿ. ಸಂಖ್ಯೆ ಕಾಣುವಂತೆ ಮುಖ, ಇಡೀ ದೇಹ, ಬಟ್ಟೆ, ಮಚ್ಚೆ, ಗಾಯದ ಕಲೆಗಳ ಚಿತ್ರ ತೆಗೆಯಿರಿ. ಬಿಸಿಲ ನಾಡುಗಳಲ್ಲಿ 12ರಿಂದ 48 ಗಂಟೆಗಳೊಳಗೆ ಮುಖ ಗುರುತು ಸಿಗದಂತಾಗುತ್ತದೆ, ಆದ್ದರಿಂದ ಇದನ್ನು ನಾಳೆಗೆ ಬಿಡಬೇಡಿ. ಒಡವೆ, ಬಟ್ಟೆ ತೆಗೆಯಬೇಡಿ. ಮುಖ ನೋಡಿ ‘ನಮ್ಮವರೇ’ ಎಂದ ಮಾತ್ರಕ್ಕೆ ಒಪ್ಪಿಸಲೂ ಬೇಡಿ: ದುಃಖದಲ್ಲಿ ಕಣ್ಣು ತಪ್ಪುತ್ತದೆ. ಬೆರಳಚ್ಚು, ಹಲ್ಲು, ಡಿಎನ್ಎ ಹೆಚ್ಚು ನಂಬಲರ್ಹ.

‘ಶವಗಳಿಂದ ಸಾಂಕ್ರಾಮಿಕ ರೋಗ ಹರಡುತ್ತದೆ, ಬೇಗ ಸುಟ್ಟುಬಿಡಿ’ ಎಂದು ಯಾರಾದರೂ ಅಬ್ಬರಿಸುವುದು ಖಚಿತ. ಭೂಕಂಪ, ಪ್ರವಾಹಗಳಲ್ಲಿ ಸತ್ತವರು ಪೆಟ್ಟಿನಿಂದಲೋ ಮುಳುಗಿಯೋ ಸತ್ತಿರುತ್ತಾರೆ, ಸೋಂಕಿನಿಂದಲ್ಲ. ಕುಡಿಯುವ ನೀರಿನಿಂದ ದೂರವಿಟ್ಟು, ಎತ್ತುವವರಿಗೆ ಕೈಗವಸು, ಬೂಟು, ಸೋಪು ಕೊಟ್ಟರೆ ಆಯಿತು. ಕಾಲರಾ, ಎಬೋಲಾದಂಥ ಸಾವುಗಳ ನಿಯಮ ಬೇರೆ. ಸುಣ್ಣ ಚೆಲ್ಲುವುದರಿಂದ ಪ್ರಯೋಜನವಿಲ್ಲ. ಶೀತಲ ಕೋಣೆ ಇಲ್ಲದಿದ್ದರೆ ಒಣ ಮಂಜುಗಡ್ಡೆ (ಡ್ರೈ ಐಸ್) ಬಳಸಬಹುದು, ದಿನಕ್ಕೆ ದೇಹವೊಂದಕ್ಕೆ ಸುಮಾರು 10 ಕಿಲೋ. ಅದು ಕಾರ್ಬನ್ ಡೈಆಕ್ಸೈಡ್ ಹೊಮ್ಮಿಸುವುದರಿಂದ ಗಾಳಿಯಾಡುವಂತಿರಬೇಕು. ಅದೂ ಸಿಗದಿದ್ದರೆ ತಾತ್ಕಾಲಿಕವಾಗಿ ಹೂಳಿ: 1.5 ಮೀಟರ್ ಆಳ, ಒಬ್ಬರ ಮೇಲೊಬ್ಬರಿಲ್ಲದಂತೆ ಒಂದೇ ಪದರ, ಯಾವ ಸಂಖ್ಯೆ ಎಲ್ಲಿದೆ ಎಂಬ ನಕ್ಷೆ.

ಮನೆಯವರಿಗೆ ಒಂದೇ ಮೇಜು, ಒಂದೇ ದಾಖಲೆ ಪುಸ್ತಕ ಇರಲಿ. ಕಾಣೆಯಾದವರ ಪಟ್ಟಿಯನ್ನೂ ಮೃತರ ಪಟ್ಟಿಯನ್ನೂ ದಿನವೂ ತಾಳೆ ನೋಡಲು ಒಬ್ಬರನ್ನು ನೇಮಿಸಿ. ಅವರು ಹಾಸಿಗೆ ಹಿಡಿದರೆ ಬದಲಿ ಯಾರು ಎಂಬುದನ್ನೂ ಬರೆದಿಡಿ.