ಲಾಭ ನೋಡುವ ಮೊದಲು ನಗದು ನೋಡಿ: ಷೇರು ಕೊಳ್ಳುವ ಮುನ್ನ ಕಂಪನಿಯ ಲೆಕ್ಕ ಓದುವುದು ಹೇಗೆ?

2009ರ ಜನವರಿ 7ರಂದು ಹೈದರಾಬಾದಿನ ಸಾಫ್ಟ್‌ವೇರ್ ಕಂಪನಿ ಸತ್ಯಂ ಕಂಪ್ಯೂಟರ್ಸ್‌ನ ಅಧ್ಯಕ್ಷ ರಾಮಲಿಂಗ ರಾಜು ತಮ್ಮ ನಿರ್ದೇಶಕ ಮಂಡಳಿಗೆ ಒಂದು ಪತ್ರ ಬರೆದರು. ಕಂಪನಿಯ ಬಳಿ ನಗದು ಮತ್ತು ಬ್ಯಾಂಕ್ ಹಣ ಸೇರಿ 5,361 ಕೋಟಿ ರೂಪಾಯಿ ಇದೆ ಎಂದು ಲೆಕ್ಕ ಹೇಳುತ್ತಿತ್ತು. ಅದರಲ್ಲಿ 5,040 ಕೋಟಿ ಇಲ್ಲವೇ ಇಲ್ಲ ಎಂದು ಅವರು ಒಪ್ಪಿಕೊಂಡರು. ಅವತ್ತೊಂದೇ ದಿನ ಷೇರಿನ ಬೆಲೆ ಮುಕ್ಕಾಲು ಪಾಲಿಗಿಂತ ಜಾಸ್ತಿ ಬಿತ್ತು.

ಇಷ್ಟು ದೊಡ್ಡ ಮೋಸವನ್ನು ಮನೆಯಲ್ಲಿ ಕೂತು ಹಿಡಿಯುವುದು ಕಷ್ಟ. ಆದರೆ ಸೊರಗಿದ ಕಂಪನಿಗಳೆಲ್ಲ ಸುಳ್ಳು ಲೆಕ್ಕ ಬರೆಯುವುದಿಲ್ಲ. ಎಷ್ಟೋ ಸಲ ತೊಂದರೆ ಏನು ಎಂಬುದು ವಾರ್ಷಿಕ ವರದಿಯಲ್ಲೇ ಅಚ್ಚಾಗಿರುತ್ತದೆ. ಓದುವವರು ಕಡಿಮೆ, ಅಷ್ಟೇ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಟಿಪ್ ನಂಬಿ ವರ್ಷದ ಉಳಿತಾಯ ಹಾಕುವ ಬದಲು ಒಂದು ಸಂಜೆಯನ್ನು ಆ ವರದಿಗೆ ಕೊಡಿ.

ಮೊದಲು ವರದಿ ತಂದುಕೊಳ್ಳಿ

ಷೇರುಪೇಟೆಗಳಾದ ಬಿಎಸ್‌ಇ, ಎನ್‌ಎಸ್‌ಇ ಜಾಲತಾಣದಲ್ಲಿ ಕಂಪನಿಯ ಹೆಸರು ಹಾಕಿದರೆ ವಾರ್ಷಿಕ ವರದಿ ಉಚಿತವಾಗಿ ಸಿಗುತ್ತದೆ. ಒಂದು ವರ್ಷದ್ದು ಸಾಲದು, ಐದು ವರ್ಷದ್ದು ಇಳಿಸಿಕೊಳ್ಳಿ. ಲೆಕ್ಕ ಎರಡು ಬಗೆಯಲ್ಲಿರುತ್ತದೆ. ‘ಸ್ಟ್ಯಾಂಡ್‌ಅಲೋನ್’ ಎಂದರೆ ಆ ಕಂಪನಿಯದ್ದು ಮಾತ್ರ. ‘ಕನ್ಸಾಲಿಡೇಟೆಡ್’ ಎಂದರೆ ಅದರ ಅಂಗಸಂಸ್ಥೆಗಳನ್ನೂ ಸೇರಿಸಿದ್ದು. ಎರಡನೆಯದನ್ನೇ ಓದಿ. ಸಾಲ ಅಂಗಸಂಸ್ಥೆಗಳ ಹೆಸರಿನಲ್ಲಿದ್ದರೆ ಮೊದಲನೆಯದರಲ್ಲಿ ಕಾಣುವುದಿಲ್ಲ.

ಬಣ್ಣದ ಚಿತ್ರಗಳ ಪುಟಗಳನ್ನು ದಾಟಿ ನೇರವಾಗಿ ಆಡಿಟರ್, ಅಂದರೆ ಲೆಕ್ಕ ಪರಿಶೋಧಕರ ವರದಿಗೆ ಹೋಗಿ. ಲೆಕ್ಕ ಸರಿಯಾದ ಚಿತ್ರ ಕೊಡುತ್ತದೆ ಎಂದು ಅವರು ಯಾವ ಷರತ್ತೂ ಇಲ್ಲದೆ ಹೇಳಿರಬೇಕು. ‘ಕ್ವಾಲಿಫೈಡ್ ಒಪಿನಿಯನ್’ ಎಂದಿದ್ದರೆ ಲೆಕ್ಕದ ಯಾವುದೋ ಭಾಗದ ಬಗ್ಗೆ ಅವರಿಗೆ ತಕರಾರಿದೆ. ಕಂಪನಿ ಮುಂದೆ ನಡೆಯುವುದೇ ಅನುಮಾನ ಎಂಬ ಅರ್ಥದ ಸಾಲು ಕಂಡರೆ ವರದಿ ಮುಚ್ಚಿ, ಆ ಷೇರು ಬಿಟ್ಟುಬಿಡಿ. ಅವಧಿ ಮುಗಿಯುವ ಮೊದಲೇ ಆಡಿಟರ್ ರಾಜೀನಾಮೆ ಕೊಟ್ಟಿದ್ದರೆ ಕಾರಣ ಹುಡುಕಿ. ಸುಮ್ನೆ ಯಾರೂ ಬಿಟ್ಟು ಹೋಗುವುದಿಲ್ಲ.

ದುಡ್ಡು ನಿಜಕ್ಕೂ ಬಂತಾ?

ನನ್ನ ಪ್ರಕಾರ ಇಡೀ ವರದಿಯಲ್ಲಿ ಅತಿ ಮುಖ್ಯವಾದದ್ದು ಕ್ಯಾಶ್ ಫ್ಲೋ ಪಟ್ಟಿ, ಅಂದರೆ ನಗದು ಎಷ್ಟು ಬಂತು, ಎಷ್ಟು ಹೋಯಿತು ಎಂಬ ಲೆಕ್ಕ. ಟಿವಿಯಲ್ಲಿ ಬರುವ ಲಾಭದ ಅಂಕಿಗಿಂತ ನಾನು ಇದನ್ನೇ ನಂಬುತ್ತೇನೆ.

ಯಾಕೆ ಅಂತ ನೋಡಿ. ಪಂಪ್‌ಸೆಟ್ ತಯಾರಿಸುವ ಒಂದು ಕಂಪನಿ ಇದೆ ಅಂದುಕೊಳ್ಳಿ. ವರ್ಷದಲ್ಲಿ 100 ಕೋಟಿಯ ಮಾಲು ಮಾರಿತು. ಖರ್ಚು 88 ಕೋಟಿ, ಲಾಭ 12 ಕೋಟಿ. ಆದರೆ 40 ಕೋಟಿಯ ಮಾಲು ಡೀಲರ್‌ಗಳಿಗೆ ಉದ್ರಿ ಹೋಗಿದೆ. ಮಾಲು ಡೀಲರ್ ಕೈಸೇರಿದಾಗಲೇ ಅದು ಮಾರಾಟದ ಲೆಕ್ಕಕ್ಕೆ ಸೇರುತ್ತದೆ, ದುಡ್ಡು ಬಂದಿರಬೇಕಿಲ್ಲ. ಹಾಗಾಗಿ ಕೈಗೆ ಬಂದದ್ದು 60 ಕೋಟಿ, ಹೋದದ್ದು 88 ಕೋಟಿ. ಉಳಿದ 28 ಕೋಟಿಗೆ ಸಾಲ ಮಾಡಬೇಕು. ಪೇಪರಿನಲ್ಲಿ ಮಾತ್ರ ‘12 ಕೋಟಿ ಲಾಭ’ ಅಂತ ಸುದ್ದಿ ಬರುತ್ತದೆ.

ಇದನ್ನು ಹಿಡಿಯುವ ದಾರಿ ಸುಲಭ. ಐದು ವರ್ಷದ ನಿವ್ವಳ ಲಾಭ ಕೂಡಿಸಿ. ಕ್ಯಾಶ್ ಫ್ಲೋ ಪಟ್ಟಿಯ ಮೊದಲ ಭಾಗದಲ್ಲಿ ವ್ಯಾಪಾರದಿಂದ ಬಂದ ನಗದು ಎಷ್ಟು ಎಂದಿರುತ್ತದೆ. ಅದನ್ನೂ ಐದು ವರ್ಷಕ್ಕೆ ಕೂಡಿಸಿ. ಈ ಎರಡನೇ ಮೊತ್ತ ಲಾಭದಷ್ಟು, ಇಲ್ಲವೇ ಅದಕ್ಕಿಂತ ಜಾಸ್ತಿ ಇದ್ದರೆ ಒಳ್ಳೆಯದು. ಅರ್ಧಕ್ಕಿಂತ ಕಡಿಮೆ ಇದ್ದರೆ ನಾನಾದರೆ ಅಲ್ಲಿಗೇ ಬಿಡುತ್ತೇನೆ. ಒಂದು ವರ್ಷ ಏರುಪೇರಾದರೆ ಹೆದರಬೇಕಿಲ್ಲ. ವೇಗವಾಗಿ ಬೆಳೆಯುವ ಕಂಪನಿಯಲ್ಲಿ ಸ್ವಲ್ಪ ಕೊರತೆ ಸಹಜ. ಐದು ವರ್ಷವೂ ಹಾಗೇ ನಡೆದಿದ್ದರೆ ಮಾತ್ರ ಅದು ರೋಗ.

ಜೊತೆಗೆ ಗ್ರಾಹಕರಿಂದ ಬರಬೇಕಾದ ಬಾಕಿ, ಗೋದಾಮಿನಲ್ಲಿ ಉಳಿದ ಮಾಲು ಇವೆರಡೂ ಮಾರಾಟಕ್ಕಿಂತ ಬೇಗ ಬೆಳೆಯುತ್ತಿವೆಯಾ ನೋಡಿ. ಬ್ಯಾಂಕಿನಲ್ಲಿ ನೂರಾರು ಕೋಟಿ ಇಟ್ಟುಕೊಂಡೂ ಕಂಪನಿ ದುಬಾರಿ ಬಡ್ಡಿಗೆ ಸಾಲ ತರುತ್ತಿದ್ದರೆ ಆ ಹಣ ನಿಜಕ್ಕೂ ಇದೆಯಾ ಎಂಬ ಪ್ರಶ್ನೆ ಏಳಬೇಕು ಅಲ್ವಾ?

ಸಾಲ ಹೊರುವ ಶಕ್ತಿ

ಸಾಲ ಇದ್ದರೆ ತಪ್ಪಲ್ಲ. ಬಡ್ಡಿ ಕಟ್ಟುವ ತಾಕತ್ತು ಇರಬೇಕು. ಬಡ್ಡಿ, ತೆರಿಗೆ ಕಳೆಯುವ ಮೊದಲಿನ ಲಾಭವನ್ನು ವರ್ಷದ ಬಡ್ಡಿಯಿಂದ ಭಾಗಿಸಿ. 3ಕ್ಕಿಂತ ಮೇಲಿದ್ದರೆ ನೆಮ್ಮದಿ. 1.5ಕ್ಕಿಂತ ಕೆಳಗಿದ್ದರೆ ಒಂದು ಕೆಟ್ಟ ವರ್ಷ ಸಾಕು. ಬೆಂಗಳೂರಿನ ಕಿಂಗ್‌ಫಿಷರ್ ಏರ್‌ಲೈನ್ಸ್ 2005ರಲ್ಲಿ ಹಾರಾಟ ಶುರುಮಾಡಿ, ಒಂದು ವರ್ಷವೂ ಲಾಭ ಕಾಣದೆ 2012ರ ಅಕ್ಟೋಬರ್‌ನಲ್ಲಿ ನಿಂತಿತು. ನಷ್ಟ, ಸಾಲ ಎರಡೂ ಎಲ್ಲರ ಕಣ್ಣೆದುರಿಗೇ ಬೆಳೆದವು. ಬ್ರ್ಯಾಂಡಿನ ಮೆರುಗು ನೋಡಿದವರಿಗೆ ಬ್ಯಾಲೆನ್ಸ್ ಶೀಟ್ (ಆಸ್ತಿ, ಸಾಲಗಳ ಪಟ್ಟಿ) ಕಾಣಲಿಲ್ಲ.

ಪ್ರವರ್ತಕರ ನಡೆ

ಬಿಎಸ್‌ಇ ತಾಣದಲ್ಲಿ ಪ್ರತಿ ಮೂರು ತಿಂಗಳಿಗೊಮ್ಮೆ ‘ಷೇರ್‌ಹೋಲ್ಡಿಂಗ್ ಪ್ಯಾಟರ್ನ್’ ಬರುತ್ತದೆ. ಪ್ರವರ್ತಕರು, ಅಂದರೆ ಕಂಪನಿಯನ್ನು ಕಟ್ಟಿ ಹಿಡಿತದಲ್ಲಿ ಇಟ್ಟುಕೊಂಡವರು, ತಮ್ಮ ಷೇರುಗಳಲ್ಲಿ ಎಷ್ಟನ್ನು ಸಾಲಕ್ಕೆ ಅಡವಿಟ್ಟಿದ್ದಾರೆ ಎಂಬುದು ಅದರಲ್ಲಿರುತ್ತದೆ. ಬೆಲೆ ಬಿದ್ದಾಗ ಸಾಲ ಕೊಟ್ಟವರು ಆ ಷೇರುಗಳನ್ನು ಮಾರುತ್ತಾರೆ, ಆಗ ಬೆಲೆ ಇನ್ನೂ ಬೀಳುತ್ತದೆ.

ಆಮೇಲೆ ‘ರಿಲೇಟೆಡ್ ಪಾರ್ಟಿ’ ಟಿಪ್ಪಣಿ. ಪ್ರವರ್ತಕರ ಸ್ವಂತ ಕಂಪನಿಗಳ ಜೊತೆ ನಡೆದ ವ್ಯವಹಾರದ ವಿವರ ಇಲ್ಲಿರುತ್ತದೆ. ದಯವಿಟ್ಟು ಇದನ್ನು ಬಿಡಬೇಡಿ. ಕಾಫಿ ಡೇ ಎಂಟರ್‌ಪ್ರೈಸಸ್ ಪ್ರಕರಣದಲ್ಲಿ 2020ರಲ್ಲಿ ಬಂದ ತನಿಖಾ ವರದಿ, ಪ್ರವರ್ತಕರ ಖಾಸಗಿ ಕಂಪನಿಯೊಂದರಿಂದ ಕಾಫಿ ಡೇಯ ಅಂಗಸಂಸ್ಥೆಗಳಿಗೆ 3,535 ಕೋಟಿ ರೂಪಾಯಿ ಬರಬೇಕಿದೆ ಎಂದಿತು. ಸತ್ಯಂನಲ್ಲೂ ಎಲ್ಲರಿಗೂ ಕಾಣುವಂಥ ಸೂಚನೆ ಇದೇ ಜಾಗದಿಂದ ಬಂದಿತ್ತು. ರಾಜು ಅವರ ಪತ್ರಕ್ಕೆ ಮೂರು ವಾರ ಮೊದಲು, 2008ರ ಡಿಸೆಂಬರ್‌ನಲ್ಲಿ, ಅವರ ಕುಟುಂಬಕ್ಕೆ ಸೇರಿದ ಎರಡು ಮೇಟಾಸ್ ಕಂಪನಿಗಳನ್ನು ಕೊಳ್ಳುವುದಾಗಿ ಸತ್ಯಂ ಪ್ರಕಟಿಸಿತು. ಹೂಡಿಕೆದಾರರು ಸಿಡಿದೆದ್ದ ಮೇಲೆ ಕೆಲವೇ ಗಂಟೆಗಳಲ್ಲಿ ಕೈಬಿಟ್ಟಿತು. ಅವತ್ತೇ ಮಾರಿದವರು ದೊಡ್ಡ ಪೆಟ್ಟಿನಿಂದ ಪಾರಾದರು.

ಬ್ಯಾಂಕ್ ಮತ್ತು ಫೈನಾನ್ಸ್ ಕಂಪನಿಗಳಿಗೆ ಮೇಲಿನ ನಗದಿನ ಲೆಕ್ಕ, ಬಡ್ಡಿಯ ಲೆಕ್ಕ ಹೊಂದುವುದಿಲ್ಲ. ಸಾಲ ತಂದು ಸಾಲ ಕೊಡುವುದೇ ಅವುಗಳ ವ್ಯಾಪಾರ. ಅಲ್ಲಿ ವಸೂಲಾಗದ ಸಾಲ, ಅಂದರೆ ಎನ್‌ಪಿಎ ಎಷ್ಟಿದೆ, ನಷ್ಟ ತಡೆಯಲು ಸ್ವಂತ ಬಂಡವಾಳ ಎಷ್ಟಿದೆ ಎಂದು ನೋಡಿ.

ಷೇರು ಕೊಂಡ ಮೇಲೂ ಈ ಕೆಲಸ ಮುಗಿಯುವುದಿಲ್ಲ. ತ್ರೈಮಾಸಿಕ ಫಲಿತಾಂಶ ನಾಲ್ಕು ಸಲ ಬಂದರೂ ಬ್ಯಾಲೆನ್ಸ್ ಶೀಟ್ ಮತ್ತು ಕ್ಯಾಶ್ ಫ್ಲೋ ಕೊಡುವುದು ಕಡ್ಡಾಯ ಇರುವುದು ವರ್ಷಕ್ಕೆ ಎರಡೇ ಸಲ. ಮಾರ್ಚ್ ಲೆಕ್ಕ ಮೇ ಕೊನೆಯೊಳಗೆ, ಸೆಪ್ಟೆಂಬರ್ ಲೆಕ್ಕ ನವೆಂಬರ್ ಮಧ್ಯದೊಳಗೆ ಬರಬೇಕು. ಈ ಎರಡು ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿಡಿ.